ಎಡಗಿವಿಯ ತಮಟೆ, ಬೆನ್ನ ಮೇಲಿನ ಗುದ್ದು

"ಕಿವಿ ತಮಟಿ ಹರೀತದ, ಜರಾ ಸಣ್ಣದು ಮಾಡ್ರೋ!" ಎಂದು ನಮ್ಮ ಓಣಿಯ ಹುಡುಗರ ಸ್ಪೀಕರಿಗೆ ನಾನು ಬೈದದ್ದು ಲೆಕ್ಕವಿಲ್ಲ. ನಮ್ಮ ಕಡೆ ಈ ಮಾತು ದಿನಕ್ಕೊಮ್ಮೆಯಾದರೂ ಯಾರದೋ ಬಾಯಲ್ಲಿ ಬರುತ್ತದೆ. ಮದುವೆಯ ಬ್ಯಾಂಡಿಗೂ ಅದೇ, ಬಸ್ಸಿನ ಹಾರ್ನಿಗೂ ಅದೇ, ಅಳುವ ಮಕ್ಕಳಿಗೂ ಅದೇ. ಆದರೆ ಕಿವಿಯೊಳಗೆ ನಿಜಕ್ಕೂ ತಮಟೆ ಅನ್ನುವುದೊಂದು ಇದೆ, ಅದು ನಿಜಕ್ಕೂ ಹರಿಯುತ್ತದೆ, ನನ್ನದು ಹರಿದು ಮೂವತ್ತು ವರ್ಷವೇ ಆಗಿರಬಹುದು ಎಂದು ನನಗೆ ತಿಳಿದದ್ದು ನಲವತ್ತರ ಹತ್ತಿರ ಬಂದ ಮೇಲೆ.

ನಾನು ಮಹಾನಂದಾ. ಹುಟ್ಟಿದ್ದು ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ, ಕೊಟ್ಟದ್ದು ಆಳಂದಕ್ಕೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ನಮ್ಮ ಮನೆಯವರು ಮಷಿನ್ ನೋಡಿಕೊಳ್ಳುತ್ತಾರೆ. ಜೋಳ ಸುರಿಯುವುದು, ಹಿಟ್ಟು ಹಿಡಿಯುವುದು, ಗಿರಾಕಿಗಳ ಜೊತೆ ಜಗಳವಾಡುವುದು ನನ್ನ ಪಾಲಿಗೆ. ಗಿರಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. "ಸಣ್ಣಗ ಬೀಸ್ರಿ" ಅನ್ನುವುದನ್ನೂ ಕೂಗಿಯೇ ಹೇಳಬೇಕು, ಜೊತೆಗೆ ಬೆರಳಿನಿಂದ ತೋರಿಸಬೇಕು. ನನ್ನಂಥ ಅರೆಗಿವುಡಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ನನಗೆ ಕೇಳುವುದಿಲ್ಲ ಎಂದು ಗಿರಾಕಿಗಳಿಗೆ ಗೊತ್ತಾಗಲಿಲ್ಲ, ಗಂಡನಿಗೆ ಗೊತ್ತಾಗಲಿಲ್ಲ, ಕೊನೆಗೆ ನನಗೂ ಮರೆತೇ ಹೋಗಿತ್ತು.

ಚಿಕ್ಕಂದಿನಲ್ಲಿ ನನ್ನ ಎಡಗಿವಿ ಸೋರುತ್ತಿತ್ತು. ನೆಗಡಿ ಬಂದರೆ ಸಾಕು, ದಿಂಬಿನ ಮೇಲೆ ಹಳದಿ ಕಲೆ. ಅವ್ವ ಸುಮ್ಮನೆ ಕೂರುವವಳಲ್ಲ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು, ಉಳ್ಳಾಗಡ್ಡಿಯ ರಸ ಹಿಂಡಿದಳು, ಪಕ್ಕದ ಮನೆಯ ಬಾಣಂತಿಯ ಹಾಲನ್ನೂ ಬಿಡಿಸಿದಳು. ನನ್ನನ್ನು ಪ್ರೀತಿ ಮಾಡಿದವರೆಲ್ಲ ನನ್ನ ಕಿವಿಗೆ ಏನಾದರೊಂದು ಹಾಕಿದವರೇ. ಯಾವುದಕ್ಕೂ ನಿಲ್ಲದಿದ್ದಾಗ ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತು, ಅಮಾವಾಸ್ಯೆ ಬಂತೆಂದರೆ ನನ್ನನ್ನು ಭೀಮಾ ಹೊಳೆಗೆ ಕರೆದುಕೊಂಡು ಹೋಗಿ, ಮೂಗು ಹಿಡಿದು ಮುಳುಗಿಸುತ್ತಿದ್ದಳು. ಮುಳುಗಿ ಬಂದ ಮೇಲೆ ಕಿವಿ ಇನ್ನಷ್ಟು ಸೋರುತ್ತಿತ್ತು. "ಒಳಗಿಂದೆಲ್ಲ ಹೊರಗ ಬರಾಕತ್ತದ, ದೇವಿ ತೊಳಿಯಾಕತ್ತಾಳ" ಎಂದು ಅವ್ವನಿಗೆ ಸಮಾಧಾನ.

ನನ್ನ ಎಡಗಿವಿಯ ಕೆಲಸ ಮಾಡುತ್ತಿದ್ದವನು ತಮ್ಮ ಶರಣು. ನನಗಿಂತ ಎರಡು ವರ್ಷ ಸಣ್ಣವ. ಶಾಲೆಗೆ ಹೋಗುವಾಗ ನನ್ನ ಎಡಕ್ಕೇ ನಡೆಯುತ್ತಿದ್ದ. ಹಿಂದಿನಿಂದ ಎತ್ತಿನ ಗಾಡಿ ಬಂದರೆ ತೋಳು ಹಿಡಿದು ಎಳೆಯುತ್ತಿದ್ದ. ಏನಾದರೂ ಹೇಳಬೇಕೆಂದರೆ ಮಾತ್ರ ಸುತ್ತು ಹಾಕಿಕೊಂಡು ಬಲಕ್ಕೆ ಬಂದು, "ಅಕ್ಕಾ, ಅವ್ವ ಕರೀಲಾಕತ್ತಾಳ" ಅನ್ನುತ್ತಿದ್ದ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿಕೊಟ್ಟಿರಲಿಲ್ಲ. ದೊಡ್ಡವನಾಗಿ ಹೊಲ ಮನೆ ನೋಡಿಕೊಳ್ಳುವಂತಾದ ಮೇಲೂ ಆ ಸುತ್ತು ಬಿಡಲಿಲ್ಲ.

ಆ ಶರಣುವಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಅವನ ಹೆಂಡತಿ ಸುವರ್ಣಾ ಜೇವರ್ಗಿಯ ಹುಡುಗಿ, ಬಾಯಿ ಬಿಟ್ಟು ಏನೂ ಹೇಳುವವಳಲ್ಲ. ಊರವರ ಮಾತಿಗೆ ಹೆದರಿ ಸೀಮಂತದ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಶರಣುವಿನ ಫೋನ್ ಬಂತು. ನನ್ನ ಬಲಗೈ ತುಂಬ ಹಿಟ್ಟು. ಎಡಗೈಯಲ್ಲಿ ಎತ್ತಿ ಎಡಗಿವಿಗೆ ಹಿಡಿದೆ. ಏನೂ ಇಲ್ಲ. "ಹಲೋ, ಹಲೋ" ಎಂದು ಕೂಗಿ, ಫೋನ್ ಕೆಟ್ಟಿತೆಂದು ಇಟ್ಟೆ. ಸಂಜೆ ಅದನ್ನು ಮೊಬೈಲ್ ಅಂಗಡಿಗೆ ಒಯ್ದರೆ ಅಂಗಡಿಯವನು ನೋಡಿ, "ಫೋನ್ ಬರೋಬ್ಬರಿ ಅದರಿ ಅಕ್ಕಾರ" ಎಂದು ನನ್ನ ಮುಖವನ್ನೇ ನೋಡಿದ. ಮನೆಗೆ ಬಂದರೆ ನಮ್ಮ ಮನೆಯವರು ನಗುತ್ತ ನಿಂತಿದ್ದರು. ಶರಣು ಅವರಿಗೆ ಫೋನ್ ಮಾಡಿ ಹೇಳಿದ್ದನಂತೆ: ಸುವರ್ಣಾ ಬಸುರಿ.

ಇಷ್ಟು ವರ್ಷ ಕಾದ ಸುದ್ದಿ ನನ್ನ ಕಿವಿಯ ತನಕ ಬಂದು, ಒಳಗೆ ಬರಲಾಗದೆ ತಿರುಗಿ ಹೋಗಿತ್ತು. ಆ ದಿನ ನನಗೆ ಬಂದಷ್ಟು ಅಳು ಅದಕ್ಕೂ ಮೊದಲು ಬಂದಿರಲಿಲ್ಲ. ಖುಷಿಗೆ ಎಷ್ಟು, ಕಿವಿಗೆ ಎಷ್ಟು ಎಂದು ನನಗೇ ಗೊತ್ತಾಗಲಿಲ್ಲ.

ಕಲಬುರಗಿಯ ದೊಡ್ಡ ದವಾಖಾನೆಗೆ ಅವ್ವನನ್ನು ಕರೆದುಕೊಂಡು ಹೋದೆ. ಕಿವಿಯ ವಿಭಾಗದ ಮುಂದೆ ಕೂರಲು ಬೆಂಚಿನಂಥ ಉದ್ದನೆಯ ಬಾಕುಗಳು. ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಿವಿ ಕೇಳುವುದಿಲ್ಲ. ಅಂಥವರನ್ನು ಬಾಗಿಲಲ್ಲಿ ನಿಂತು ಹೆಸರು ಕೂಗಿ ಕರೆಯುತ್ತಾರೆ! ಯಾರ ತಲೆಯಲ್ಲಿ ಹೊಳೆದ ಏರ್ಪಾಡೋ. ಆದರೆ ನಮ್ಮ ಜನ ತಾವೇ ಒಂದು ದಾರಿ ಮಾಡಿಕೊಂಡಿದ್ದರು. ಹೆಸರು ಕೇಳಿದವರು ಪಕ್ಕದವರ ಭುಜ ತಟ್ಟಿ, "ಶಿವಲೀಲಾ ನೀವೇನ್ರಿ?" ಅನ್ನುವುದು, ಅವರು ಅಲ್ಲವೆಂದರೆ ಮುಂದಿನವರನ್ನು ತಟ್ಟುವುದು. ಹೀಗೆ ಹೆಸರು ಬಾಕಿನುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತಿತ್ತು. ನನ್ನ ಹೆಸರು ಬಂದಾಗ ನನ್ನ ಭುಜ ತಟ್ಟಿದವರು ಬುರ್ಖಾ ಹಾಕಿದ ಒಬ್ಬ ಅಜ್ಜಿ. "ಜಾವ್ ಬೇಟಿ, ಘಾಬರಿ ಆಗಬ್ಯಾಡ" ಅಂದರು. ಅವರ ಹೆಸರು ಏನೆಂದು ಕೇಳಲಿಲ್ಲ, ಇವತ್ತಿಗೂ ಆ ಕೈಯ ನೆನಪಿದೆ.

ಡಾಕ್ಟರ್ ಬಾಯಿ, ಅಂದರೆ ಲೇಡಿ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಸಣ್ಣವರು. ಕಿವಿಯೊಳಗೆ ಒಂದು ತೆಳ್ಳನೆಯ ನಳಿಗೆ ಇಟ್ಟು, ಎದುರಿನ ಟಿವಿಯಲ್ಲಿ ತೋರಿಸಿದರು. "ಇದು ಕಿವಿ ತಮಟಿ, ಪರ್ದಾ ಅಂತಾರಲ್ರಿ, ಅದು. ನಡುವ ನೋಡ್ರಿ, ತೂತು." ನನ್ನದೇ ದೇಹದ ಆ ಭಾಗವನ್ನು ಮೊದಲ ಸಲ ನೋಡಿದೆ. ಹಪ್ಪಳಕ್ಕಿಂತ ತೆಳ್ಳಗಿತ್ತು. ನಡುವೆ ಕಪ್ಪಗೆ ಖಾಲಿ. ಅದುವರೆಗೂ ಬೈಗುಳದಲ್ಲಿ ಬಳಸುತ್ತಿದ್ದ ವಸ್ತು ಹೀಗೆ ಕಣ್ಣೆದುರು ಬಂದು ನಿಂತಿತ್ತು.

"ಕಿವ್ಯಾಗ ಏನೇನ್ ಹಾಕೀರಿ?" ಎಂದು ಅವರು ಕೇಳಿದರು.

ಅವ್ವ ಹೆಮ್ಮೆಯಿಂದ ಒಂದೊಂದೇ ಹೇಳತೊಡಗಿದಳು. ಎಣ್ಣೆ, ರಸ, ಹಾಲು. ಮಗಳಿಗಾಗಿ ಏನೂ ಕಡಿಮೆ ಮಾಡಿಲ್ಲ ಎಂಬ ದನಿ. ಹೊಳೆಯ ವಿಷಯಕ್ಕೆ ಬಂದಾಗ ಡಾಕ್ಟರ್ ಬಾಯಿ ಮೆಲ್ಲಗೆ, "ತೂತು ಇದ್ದ ಕಿವಿಗಿ ನೀರು ಹೋಗಬಾರದ್ರಿ ಅಮ್ಮಾರ. ಹೊಳಿ ನೀರಂತೂ ಬ್ಯಾಡೇ ಬ್ಯಾಡ" ಅಂದರು.

ಅವ್ವ ಕೂತಲ್ಲೇ ಮುಂದಕ್ಕೆ ಬಗ್ಗಿದಳು. "ಅಂದ್ರ ನಾನೇ ಕೆಡಿಸಿದ್ನೇನ್ರಿ?"

"ಇಲ್ರಿ. ಸಣ್ಣಾಕಿ ಇದ್ದಾಗ ನೆಗಡಿ ಕಿವಿಗಿ ಇಳಿದು ತೂತು ಬಿದ್ದಿರಬೇಕು. ನೀವೇನೂ ಹಾಕದಿದ್ರೂ ಬೀಳ್ತಿತ್ತು. ಇನ್ನ ಮ್ಯಾಲೆ ಹಾಕಬ್ಯಾಡ್ರಿ, ಅಷ್ಟೇ."

ಆ ಡಾಕ್ಟರಿಗೆ ನಾನು ಇವತ್ತಿಗೂ ಋಣಿ ಆಗಿರುವುದು ಮೊದಲು ಈ ಮಾತಿಗೆ, ಆಪರೇಷನ್ನಿಗೆ ಆಮೇಲೆ. ಆದರೂ ಅವ್ವನನ್ನು ಬಿಡಲು ಬಸ್ಸಿನಲ್ಲಿ ಗೊಬ್ಬೂರಿಗೆ ಹೋಗುವಾಗ ಅವಳಿಗೆ ಇನ್ನೂ ಸಮಾಧಾನವಿರಲಿಲ್ಲ. ಇಳಿಯುವಾಗ, "ಮೂಗು ಹಿಡಿದಿದ್ದೆ. ಕಿವಿ ಹಿಡೀಬೇಕು ಅಂತ ನಂಗ ಯಾರೂ ಹೇಳಲಿಲ್ಲ" ಅಂದಳು.

ಔಷಧಿ ಹಾಕಿ ಮೊದಲು ಸೋರುವುದನ್ನು ನಿಲ್ಲಿಸಿದರು. ಆಮೇಲೆ ಕಾಯುವುದು. ದೊಡ್ಡ ದವಾಖಾನೆಯಲ್ಲಿ ಪಾಳಿ ಬರುವುದೆಂದರೆ ಗೊತ್ತಲ್ಲ. ನನ್ನ ಪಾಳಿ ಬರುವ ಹೊತ್ತಿಗೆ ಸುವರ್ಣಾ ತವರಿಗೆ ಹೋಗಿದ್ದಳು. ಕಿವಿಯ ಮೇಲ್ಭಾಗದಿಂದಲೇ ಒಂದು ತೆಳು ಪೊರೆ ತೆಗೆದು ತೂತಿಗೆ ಹೊಂದಿಸುತ್ತೇವೆ, ಅದು ಹತ್ತಿಕೊಳ್ಳಬೇಕು, ಬಹಳ ಜನಕ್ಕೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ ಎಂದರು. ಸಹಿ ಮಾಡುವಾಗ ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಒಳ್ಳೆಯ ಮಾತು ಅಷ್ಟಿದ್ದರೂ ಭಯದ ಮಾತೇ ಕಿವುಡಿಗೂ ಕೇಳಿಸುತ್ತದೆ ನೋಡಿ.

ಪೂರ್ತಿ ಮಲಗಿಸಲಿಲ್ಲ. ಕಿವಿಯ ಸುತ್ತ ಸೂಜಿ ಚುಚ್ಚಿ ಜೋಮು ಹಿಡಿಸಿದರು. ಮುಖದ ಮೇಲೆ ಹಸಿರು ಬಟ್ಟೆ. ನೋವಿಲ್ಲ, ಆದರೆ ಕೆರೆಯುವ ಸದ್ದು ತಲೆಯೊಳಗೇ ಕೇಳುತ್ತದೆ. ನಮ್ಮ ಗಿರಣಿಯ ಕಲ್ಲಿಗೆ ಉಳಿ ಹೊಡೆಸುವಾಗಿನ ಸದ್ದಿನ ಹಾಗೆ. "ಅಂಜಿಕಿ ಆಗ್ತದ್ರಿ" ಎಂದು ಬಟ್ಟೆಯೊಳಗಿಂದಲೇ ಅಂದಾಗ ಯಾರೋ ನನ್ನ ಅಂಗಾಲನ್ನು ಹಿಡಿದರು. ನರ್ಸೋ, ಆಯಾನೋ, ನನಗೆ ಮುಖ ಕಾಣಲಿಲ್ಲ. ಮುಗಿಯುವ ತನಕ ಬಿಡಲಿಲ್ಲ. ನಿಮಗೆ ಯಾರಿಗಾದರೂ ಈ ಆಪರೇಷನ್ ಇದ್ದರೆ, ಭಯವಾದರೆ ಭಯವಾಗುತ್ತದೆ ಎಂದು ಹೇಳಿ. ಯಾರಾದರೂ ಕಾಲು ಹಿಡಿಯುತ್ತಾರೆ.

ತಲೆಗೆ ರುಮಾಲಿನಂಥ ಪಟ್ಟಿ ಸುತ್ತಿ ಕಳಿಸಿದರು. ಜೊತೆಗೆ ಕಟ್ಟಳೆಗಳು. ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಭಾರ ಎತ್ತಬಾರದು, ತಲೆ ಬಗ್ಗಿಸಬಾರದು, ತಲೆಗೆ ಬೆನ್ನಿಗೆ ಧಕ್ಕೆ ಆಗಬಾರದು, ಕಿವಿಗೆ ಹನಿ ನೀರು ತಾಗಬಾರದು. ಹಿಟ್ಟಿನ ಧೂಳಿಗೆ ಸೀನು ಬರುತ್ತದೆಂದು ಗಿರಣಿಗೂ ಹೋಗುವಂತಿಲ್ಲ. ನಮ್ಮ ಮನೆಯವರು ಒಬ್ಬರೇ ನಡೆಸಿದರು. ಗೋಧಿ ಬೀಸಿದ ಮೇಲೆ ಜೋಳ ಸುರಿದು ಯಾರದೋ ರೊಟ್ಟಿ ಕೆಡಿಸಿದ ಸುದ್ದಿ ಮನೆಗೆ ಬಂತು. ನಾನು ಗೋಡೆಗೆ ಒರಗಿ, ದೇವರ ಮೂರ್ತಿಯ ಹಾಗೆ ನೆಟ್ಟಗೆ ಕೂತಿದ್ದೆ. ಒಳಗೆ ಆ ಪೊರೆ ಹತ್ತುತ್ತಿದೆಯೋ ಜಾರುತ್ತಿದೆಯೋ ಎಂಬುದೊಂದೇ ಯೋಚನೆ.

ಆಗ ಜೇವರ್ಗಿಯಿಂದ ಸುದ್ದಿ ಬಂತು. ಸುವರ್ಣಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿದೆ. ಹೆಣ್ಣು ಕೂಸು, ಇಬ್ಬರೂ ಆರಾಮ. ಹದಿಮೂರನೆಯ ದಿನ ತೊಟ್ಟಿಲು.

ನಮ್ಮ ಕಡೆಯ ತೊಟ್ಟಿಲ ಶಾಸ್ತ್ರ ಗೊತ್ತಿಲ್ಲದವರಿಗೆ ಹೇಳಬೇಕು. ಕೂಸಿನ ಹೆಸರನ್ನು ಮೊದಲು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್..." ಎಂದು ಸದ್ದು ಮಾಡಿ ಹೆಸರು ಹೇಳುತ್ತಾಳೆ. ಅವಳು ಹೇಳುತ್ತಿರುವಾಗಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಮೆಲ್ಲಗಲ್ಲ, ರೊಟ್ಟಿ ಬಡಿದು ಗಟ್ಟಿಯಾದ ಕೈಯಿಂದ, ದಬದಬ. ಬೀಗರ ಕಡೆಯವರಿಗಂತೂ ಗಂಡಿನ ಅಕ್ಕನ ಬೆನ್ನು ಸಿಗುವುದು ಅವತ್ತೊಂದೇ ದಿನ. ಎಲ್ಲ ಬಾಕಿ ಅವತ್ತೇ ತೀರಿಸುತ್ತಾರೆ.

ಶರಣುವಿಗೆ ನಾನೊಬ್ಬಳೇ ಅಕ್ಕ. ಬಗ್ಗಬೇಕು, ಗುದ್ದು ತಿನ್ನಬೇಕು. ಎರಡೂ ನಾನು ಮಾಡಬಾರದ ಕೆಲಸ.

"ನಿಮ್ಮ ಕಾಕಾನ ಮಗಳು ಲಕ್ಷ್ಮಿ ಅದಾಳಲ್ಲ ಬೇ, ಆಕಿ ಹೇಳಲಿ. ನೀ ಮನ್ಯಾಗ ಕೂಡು" ಎಂದಳು ಅವ್ವ. ನನ್ನ ಕಿವಿಯನ್ನು ಇನ್ನೊಮ್ಮೆ ಕೆಡಿಸುವ ಧೈರ್ಯ ಅವಳಿಗಿರಲಿಲ್ಲ.

"ಹೆಸರು ನಾನೇ ಹೇಳ್ತೇನಿ" ಎಂದು ಹಟ ಹಿಡಿದೆ. ಆ ಕೂಸಿನ ಸುದ್ದಿಯನ್ನು ನನ್ನ ಕಿವಿ ಒಮ್ಮೆ ತಪ್ಪಿಸಿತ್ತು, ಅದರ ಹೆಸರನ್ನೂ ತಪ್ಪಿಸಲು ನಾನು ಬಿಡುವವಳಲ್ಲ. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರ್ ಬಾಯಿಯನ್ನೇ ಕೇಳಿದೆ. ಅವರೂ ನಮ್ಮ ಕಡೆಯವರೇ, ಕೇಳಿ ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ, "ಹೋಗ್ರಿ. ಆದ್ರ ಬಗ್ಗಬ್ಯಾಡ್ರಿ. ಒಂದು ಗುದ್ದೂ ಬ್ಯಾಡ. ಪೊರಿ ಇನ್ನಾ ಹಸೀ ಅದ, ಜಾರಿದ್ರ ಮತ್ತ ಮೊದಲಿಂದ ಮಾಡಬೇಕಾಗ್ತದ" ಅಂದರು.

ಶರಣು ಕಾರು ಮಾಡಿಕೊಂಡು ಬಂದ. ಜೇವರ್ಗಿಯ ತನಕ ಪ್ರತಿ ತಗ್ಗಿಗೂ ಡ್ರೈವರನಿಗೆ "ಸಾವಕಾಶ, ಸಾವಕಾಶ" ಎಂದು ಹೇಳಿದ. ನಾನು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಿದ್ದೆ.

ಬೀಗರ ಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಮಲ್ಲಿಗೆ ಸುತ್ತಿದ್ದರು. ಅವ್ವ ವಿಷಯ ಹೇಳಿದಳು. ಎಲ್ಲರೂ ನನ್ನ ಪಟ್ಟಿಯನ್ನು ನೋಡಿ ಅಯ್ಯೋ ಅಂದರು. ಆದರೆ ಸುವರ್ಣಾಳ ಆಯಿ, ಆ ಮನೆಯ ಹಿರಿಯ ಅಜ್ಜಿ, ಒಪ್ಪಲಿಲ್ಲ. "ಗುದ್ದು ಬೀಳಲಾರದ ಹೆಸರು ಕೂಸಿಗಿ ಹತ್ತಂಗಿಲ್ಲ ಯವ್ವಾ. ಇಷ್ಟು ವರ್ಷಕ್ಕ ಹುಟ್ಟೇದ, ಶಾಸ್ತ್ರ ಬಿಡಬಾರದು. ಆರಾಮ ಇದ್ದಾಕಿ ಯಾರರೆ ಹೇಳಲಿ."

ಅಜ್ಜಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಭಯವೂ ನನ್ನ ಭಯದಂಥದ್ದೇ. ಬಂದದ್ದು ಜಾರಿ ಹೋಗಬಾರದು ಎಂದು ನಾನು ಕಿವಿಗೆ ಹೆದರುತ್ತಿದ್ದೆ, ಅವರು ಕೂಸಿಗೆ ಹೆದರುತ್ತಿದ್ದರು. ಲಕ್ಷ್ಮಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ನಾನು ಬಾಗಿಲ ಕಡೆಗೆ ಸರಿದು ನಿಂತೆ. ಕಣ್ಣು ತುಂಬಿದವು, ಮೂಗು ಕಟ್ಟಿತು. ಸೀಟುವಂತೆಯೂ ಇಲ್ಲ.

ಹೊರಗೆ ಊಟದ ಏರ್ಪಾಡು ನೋಡುತ್ತಿದ್ದ ಶರಣು ನನ್ನ ಮುಖ ನೋಡಿದ. ಚಪ್ಪಲಿ ಬಿಟ್ಟು ಸೀದಾ ಹೆಂಗಸರ ನಡುವೆ ಬಂದ.

"ಏ, ಗಂಡಸ್ರು ಇಲ್ಲಿ ಬರಬಾರದು!" ಎಂದು ಯಾರೋ ಕೂಗಿದರು.

"ಗುದ್ದು ಬೀಳಬೇಕು ಅಷ್ಟೇ ಅಲ್ರಿ ಆಯಿ?" ಎಂದ ಅವನು. "ಯಾರ ಬೆನ್ನಿಗಿ ಬಿದ್ರೇನು? ಸಣ್ಣಾಂವ ಇದ್ದಾಗಿಂದ ಆಕಿ ಎಡಗಿವಿ ನಾನೇ ಇದ್ದೇನಿ. ಆ ಕಿವಿಗಿ ಬರೋದು ನನಗೇ ಬರ್ಲಿ. ಹೆಸರು ಅಕ್ಕನೇ ಹೇಳ್ತಾಳ. ನಂಗ ಬಡೀರಿ." ಹಾಗೆಂದು ನನ್ನ ಹಿಂದೆ ಬಂದು, ಮೊಣಕಾಲಿಗೆ ಕೈ ಊರಿ ಬೆನ್ನು ಬಗ್ಗಿಸಿ ನಿಂತ.

ಆಯಿ ಅವನ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಅಳಿಯಾನ ಬೆನ್ನು ಸಿಗತದಂದ್ರ ನಾ ಯಾಕ ಬ್ಯಾಡ ಅನ್ಲಿ? ಬರ್ರೇ ಎಲ್ಲಾರೂ!" ಅಂದರು.

ಸುವರ್ಣಾ ತಾನೇ ಎದ್ದು ಬಂದಳು. ನಾನು ಬಗ್ಗಬಾರದೆಂದು ಕೂಸನ್ನು ಎರಡೂ ಕೈಯಲ್ಲಿ ನನ್ನ ಬಾಯಿಯ ಎತ್ತರಕ್ಕೆ ಎತ್ತಿ ಹಿಡಿದಳು. "ಹೇಳ್ರಿ ಅಕ್ಕಾರ" ಎಂದಳು. ಕೂಸಿನ ಕಿವಿ ಬೇಯಿಸಿದ ಅವರೆಕಾಳಿನಷ್ಟು ಮೆತ್ತಗೆ, ಒಳಗೆ ಎಲ್ಲವೂ ಹೊಸದು. ನಾನು ತುಟಿ ತಾಗಿಸಿ, "ಕುರ್ರ್... ಭಾಗ್ಯಶ್ರೀ" ಎಂದೆ. ಅವ್ವ ಆರಿಸಿದ ಹೆಸರು, ಘತ್ತರಗಿಯ ಭಾಗ್ಯವಂತಿಯ ನೆನಪಿಗೆ.

ಹಿಂದೆ ದಬದಬ ಶುರುವಾಯಿತು. ಆಯಿ, ಬೀಗತಿ, ಲಕ್ಷ್ಮಿ, ನಮ್ಮವ್ವ ಕೂಡ. ಶರಣು "ಸತ್ತೇನ್ರೋ!" ಎಂದು ಕೂಗಿದಷ್ಟೂ ಹೆಂಗಸರಿಗೆ ಹುರುಪು ಏರಿತು. ನನಗೆ ನಗು ತಡೆಯಲಾಗಲಿಲ್ಲ, ನಕ್ಕರೆ ಕಿವಿಯ ಹಿಂದಿನ ಗಾಯ ಎಳೆಯುತ್ತಿತ್ತು. ಬಾಯಿ ತೆರೆದು, ಕಣ್ಣೀರು ಸುರಿಸಿಕೊಂಡು, ತಲೆ ಅಲುಗಾಡಿಸದೆ ನಕ್ಕೆ. ಹಾಗೆ ನಗುವುದನ್ನು ಡಾಕ್ಟರು ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದ ಮೇಲೆ ಭಯ ಮತ್ತೆ ಹಿಡಿಯಿತು. ಕಿವಿಯೊಳಗೆ ಚಟ್ ಎಂದು ಸದ್ದಾದರೆ ಹೋಯಿತು ಅಂದುಕೊಳ್ಳುತ್ತಿದ್ದೆ. ಕಾರಿನಲ್ಲಿ ಜಾರಿತೋ, ನಗುವಾಗ ಜಾರಿತೋ ಎಂದು ವಾರಗಟ್ಟಲೆ ಕೊರಗಿದೆ. ಕೊನೆಗೆ ಪರೀಕ್ಷೆಯ ದಿನ ಬಂತು. ಡಾಕ್ಟರ್ ಬಾಯಿ ಮತ್ತೆ ಟಿವಿ ಹಚ್ಚಿದರು. ಕಪ್ಪು ಜಾಗ ಇರಲಿಲ್ಲ. ಅಲ್ಲಿ ಮಾಸಲು ಬಿಳಿಯ ಒಂದು ಪೊರೆ, ಅಂದವೇನಿಲ್ಲ, ಆದರೆ ಇತ್ತು. "ಹತ್ತೇದ" ಅಂದರು. ಗಾಜಿನ ಕೋಣೆಯಲ್ಲಿ ಕೂರಿಸಿ ಸದ್ದು ಕೇಳಿದಾಗ ಬೆರಳೆತ್ತಲು ಹೇಳಿದರು. ಬಲಗಿವಿಯಷ್ಟು ಕೇಳುವುದಿಲ್ಲ, ಪೂರ್ತಿ ಎಂದೂ ಬರಲಿಕ್ಕಿಲ್ಲ ಎಂದೂ ಹೇಳಿದರು. ಓದುವ ನಿಮಗೆ ನಾನೂ ಸುಳ್ಳು ಹೇಳಿ ಆಸೆ ಹುಟ್ಟಿಸುವುದಿಲ್ಲ. ನನಗೆ ಬಂದದ್ದು ನನಗೆ ಸಾಕಾಗುವಷ್ಟು.

ಅವ್ವ ನನ್ನನ್ನು ಘತ್ತರಗಿಗೆ ಕರೆದುಕೊಂಡು ಹೋದಳು. ಹೊಳೆಯ ದಂಡೆಯ ಕೊನೆಯ ಮೆಟ್ಟಿಲಲ್ಲಿ ನನ್ನನ್ನು ಕೂರಿಸಿ, ಬೊಗಸೆಯಲ್ಲಿ ನೀರು ತಂದು ನನ್ನ ಕಾಲಿಗೆ ಹಾಕಿದಳು. "ದೇವಿಗಿ ಕಾಲು ಸಾಕು" ಎಂದಳು. ಮುಖ ತೊಳೆಯಲೂ ಬಿಡಲಿಲ್ಲ.

ಮೊನ್ನೆ ಶರಣು ತೊಗರಿ ಮಾರಲು ಆಳಂದಕ್ಕೆ ಬಂದವನು ಗಿರಣಿಗೂ ಬಂದ. ಕರೆಂಟು ಹೋಗಿತ್ತು, ಗಿರಣಿ ನಿಂತಿತ್ತು. ನಾನು ಹಿಟ್ಟಿನ ಡಬ್ಬಿ ಕೊಡವುತ್ತಿದ್ದೆ. ಅವನು ಎಂದಿನಂತೆ ನನ್ನ ಬೆನ್ನ ಹಿಂದಿನಿಂದ ಸುತ್ತು ಹಾಕಿ ಬಲಕ್ಕೆ ಬರತೊಡಗಿದ. ಅವನ ಅಂಗಿ ಹಿಡಿದು ನಿಲ್ಲಿಸಿದೆ.

"ಈ ಕಡೇನೇ ನಿಂದ್ರು. ಇಲ್ಲಿಂದ ಹೇಳು."

"ಖರೇನ ಕೇಳ್ತದೇನಬೇ ಅಕ್ಕಾ?" ಎಂದ. ಕಣ್ಣು ಹೊಯ್ದಾಡಿದವು. ಆ ಕಿವಿಗೆ ಅವನು ಹುಟ್ಟಿದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಬಗ್ಗಿ, ನನ್ನ ಎಡಗಿವಿಗೆ ಬಾಯಿ ಹತ್ತಿರ ತಂದು, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದ.

"ಕುರ್ರ್... ಭಾಗ್ಯಶ್ರೀ."

ಕೇಳಿತು. ಒಂದೊಂದು ಅಕ್ಷರವೂ ಕೇಳಿತು. ನಾನು ಹಿಟ್ಟಿನ ಕೈಯಿಂದಲೇ ಅವನ ಬೆನ್ನಿಗೆ ದಬ್ ಎಂದು ಒಂದು ಗುದ್ದು ಹಾಕಿದೆ. ಅವನು ನಕ್ಕ, ಕಣ್ಣು ಒರೆಸಿಕೊಂಡ, ಗೊಬ್ಬೂರಿನ ಬಸ್ಸು ಹಿಡಿಯಲು ಹೋದ. ಅಂಗಿಯ ಮೇಲೆ ನನ್ನ ಕೈಯ ಬಿಳಿ ಗುರುತು ಹಾಗೇ ಇತ್ತು. ಕೊಡವಿಕೋ ಎಂದು ಹಿಂದಿನಿಂದ ಕೂಗಿದೆ. ಕೇಳಿಸಿದರೂ ಕೇಳಿಸದವನಂತೆ ನಡೆದ.